ಗಾಜಿಗೆ ಬೆಳ್ಳಿ ಹತ್ತಿತು

ಗುಲಬರ್ಗಾ
೩ ಏಪ್ರಿಲ್ ೧೯೭೪

ಪ್ರೀತಿಯ ಅಬ್ಬಾ,

ವಾಡಿಯಲ್ಲಿರುವ ನಿಮಗೂ ಅಮ್ಮಿಗೂ ನಿಮ್ಮ ನಜಮಾಳ ಸಲಾಂ. ಇದನ್ನು ಓದಿ ಹೇಳುತ್ತಿರುವ ಅಂಬರಾಯ ಮಾಸ್ತರರಿಗೆ ನಮಸ್ಕಾರ. ಮಾಸ್ತರರೇ, ಬೈಗುಳ ಬಂದಲ್ಲಿ ದನಿ ತಗ್ಗಿಸಬೇಡಿ, ಅಬ್ಬಾ ಕೇಳಲಿ.

ನಾಲ್ಕು ತಿಂಗಳು ನನ್ನ ಕೆಲಸ ಕೆಟ್ಟದ್ದು ನಿಮ್ಮಿಂದಲೇ, ಅಬ್ಬಾ!

ನನಗೆ ಬೇಕಾದದ್ದು ಅರೆಗನ್ನಡಿ. ಗಾಜಿನ ಮೇಲೆ ಬೆಳ್ಳಿಯ ತೆಳು ಪದರ. ಬೆಳಕು ಬಹಳಷ್ಟು ತಿರುಗಿ ಬರಬೇಕು, ಸ್ವಲ್ಪ ಆಚೆ ದಾಟಬೇಕು. ಅಂಥ ಎರಡನ್ನು ಎದುರುಬದುರು ನಿಲ್ಲಿಸಿ ನಡುವೆ ಬಣ್ಣದ ನೀರಿಟ್ಟರೆ ಬೆಳಕು ಅದರಲ್ಲಿ ಹತ್ತಾರು ಸಲ ಹಾಯುತ್ತದೆ. ನೀರು ಎಷ್ಟು ಬೆಳಕು ನುಂಗಿತು ಅಂತ ಆಗ ಗೊತ್ತಾಗುತ್ತದೆ. ಪದರ ಹಾಕುವ ಯಂತ್ರ ನಮ್ಮಲ್ಲಿಲ್ಲ. ಬೆಳ್ಳಿಯ ಉಪ್ಪು, ಅಮೋನಿಯಾ, ಗ್ಲೂಕೋಸು ಕಲಸಿ ಪಿಂಗಾಣಿ ತಟ್ಟೆಯಲ್ಲೇ ಮಾಡುತ್ತೇನೆ ಅಂದೆ. ನಮಗೆ ಭೌತಶಾಸ್ತ್ರ ಕಲಿಸುವ ಬಸವಂತರಾಯ ಸರ್ ನಕ್ಕು, ಮಾಡಿ ತೋರ್ಸವ್ವಾ, ಸಂಶೋಧನೆಗೆ ನಿನ್ನ ಹೆಸರೇ ಬರೀತೀನಿ ಅಂದರು. ಅಬ್ಬಾ, ಆಗ ನೀವು ಅಂದದ್ದು ನೆನಪಿದೆಯಲ್ಲ? "ಮಾರ್ಚ್ ಮುಗಿಯೋದ್ರಾಗ ಬೆಳ್ಳಿ ಹತ್ತಿದ್ರ ಅಲ್ಲೇ ಇರು. ಇಲ್ಲಂದ್ರ ಶಾಹಾಬಾದಿನ ಸಾಲಿ ನೌಕ್ರಿಗಿ ಬಂದ್ಬಿಡು." ಆ ನೌಕರಿ ಕೆಟ್ಟದ್ದೇನಲ್ಲ. ಆದರೆ ಬೆಳಕಿನ ಪ್ರಯೋಗ ಮಾಡುವ ಈ ಕತ್ತಲೆ ಕೋಣೆ ಬಿಟ್ಟು ಬರಲು ನನಗೆ ಮನಸ್ಸಿಲ್ಲ.

ಪ್ರತಿ ಸಲ ಗಾಜು ತೊಳೆದು, ಒರೆಸಿ, ಸ್ಟೋವಿನ ಮೇಲೆ ಬೆಚ್ಚಗೆ ಕಾಸುತ್ತಿದ್ದೆ. ಪ್ರತಿ ಸಲ ಬೆಳ್ಳಿ ಹಾಲಿನ ಕೆನೆಯಂತೆ ಸುಲಿದು ಬರುತ್ತಿತ್ತು. ಮತ್ತೇನು, ಕಲಾಯಿಗಾರ ಗನಿಸಾಬರ ಮಗಳಲ್ಲವೇ! ಚಿಕ್ಕವಳಿದ್ದಾಗಿಂದ ನಿಮ್ಮ ತಿದಿ ಒತ್ತುತ್ತ ಕೇಳಿದ್ದು ಒಂದೇ ಮಾತು: "ಹಸಿ ಭಾಂಡ್ಯಾಕ ಕಲಾಯಿ ಹತ್ತಂಗಿಲ್ಲ ಬೇಟಿ, ಒಣಗ್ಸು, ಕಾಸು." ನಿಮ್ಮ ಕಲಾಯಿಯ ತವರಕ್ಕೆ ಅದು ಸರಿ. ನನ್ನ ಬೆಳ್ಳಿಯ ಸ್ವಭಾವ ಅದಕ್ಕೆ ತೀರ ಉಲ್ಟಾ. ತೊಳೆದ ಗಾಜು ಒಣಗಲೇಬಾರದು, ತಣ್ಣಗೆ ಒದ್ದೆಯಾಗಿಯೇ ದ್ರಾವಣಕ್ಕೆ ಇಳಿಯಬೇಕು. ಇದು ತಿಳಿದದ್ದು ನನ್ನ ಜಾಣತನದಿಂದಲ್ಲ. ಸ್ಟೋವಿನಲ್ಲಿ ಸೀಮೆಎಣ್ಣೆ ಮುಗಿದಿತ್ತು, ಸಿಟ್ಟಿನಿಂದ ಹಸಿ ಗಾಜನ್ನೇ ಮುಳುಗಿಸಿದೆ.

ಹತ್ತಿತು, ಅಬ್ಬಾ! ಅದೇ ಬಗೆಯಲ್ಲಿ ಇನ್ನೊಂದನ್ನೂ ಮಾಡಿ, ಎರಡನ್ನೂ ಸೋಡಿಯಂ ದೀಪದ ಮುಂದೆ ನಿಲ್ಲಿಸಿದರೆ ಹಳದಿ ಬೆಳಕಿನ ಬಳೆಗಳು, ಒಂದರೊಳಗೊಂದು; ಪದರ ಸರಿಯಾಗಿ ಕೂತಿದ್ದರೆ ಮಾತ್ರ ಕಾಣುವಂಥವು. ಖುಷಿಗೆ ಅತ್ತುಬಿಟ್ಟೆ. ಸರ್ ಬಂದು ನೋಡಿ, ಸಂಶೋಧನೆಗೆ ನನ್ನ ಹೆಸರು ಬರೆದುಕೊಂಡರು.

ಎರಡು ವರ್ಷ ಇಲ್ಲಿರಲು ಒಪ್ಪಿಗೆ ಕೊಡಿ.

ನಿಮ್ಮ
ನಜಮುನ್ನೀಸಾ

ತಾ.ಕ.: ಮಾಸ್ತರರೇ, ಇದನ್ನೂ ಬಿಡದೆ ಓದಿ. ಬೆಳ್ಳಿ ಹತ್ತಿದ್ದು ನಿನ್ನೆ, ಏಪ್ರಿಲ್ ಎರಡಕ್ಕೆ. ಅಬ್ಬಾ, ನೀವು ಕೊಟ್ಟ ಮಾರ್ಚ್ ಅಷ್ಟೊತ್ತಿಗೆ ಮುಗಿದಿತ್ತು. ಸೋತೆನೆಂದು ಟ್ರಂಕು ಕಟ್ಟಿಟ್ಟು, ಉಳಿದ ಗಾಜುಗಳನ್ನೂ ಹಾಳು ಮಾಡಿಯೇ ಹೊರಡೋಣವೆಂದು ಕೂತಿದ್ದೆ. ತಾರೀಖು ಮುಚ್ಚಿಟ್ಟು ಗೆಲ್ಲಬಹುದಿತ್ತು, ಮನಸ್ಸು ಒಪ್ಪಲಿಲ್ಲ. ದಿನ ನೋಡುತ್ತೀರೋ, ಕೆಲಸ ನೋಡುತ್ತೀರೋ, ನಿಮಗೆ ಬಿಟ್ಟದ್ದು. ಟ್ರಂಕು ಇನ್ನೂ ಬಿಚ್ಚಿಲ್ಲ. ಬೇಗ ಉತ್ತರ ಬರೆಸಿ. ಹೊರಗಿರುವುದು ಒಂದೇ ಸೀರೆ.