ಒಂದೇ ಹಗ್ಗಕ್ಕೆ ಎರಡು ತಂಬಿಗೆ

ಗೆಳತಿ ವಸುಧಾ,

ಅಕ್ಷರ ಕೋಳಿ ಕೆದರಿದ ಹಾಗಿವೆ, ತಪ್ಪುಗಳೂ ಇರಬಹುದು, ಬೈಯಬೇಡ. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವಳು ನಾನು.

ನಿನ್ನೆ ನಿಮ್ಮ ಅವ್ವ, ಭಾಗೀರಥಿ ಕಾಕೂ, ಅಳುತ್ತ ಕೂತಿದ್ದರು. "ಆ ಲ್ಯಾಬಿನ್ಯಾಗ ಅಷ್ಟು ದೊಡ್ಡ ಅಯಸ್ಕಾಂತದ ಮುಂದ ಕೂತು ಏನ್ ಮಾಡ್ತಾಳವಾ ಅಕಿ? ಅಕಿಗೇನರ ಆದ್ರ? ನೌಕರಿ ಬಿಟ್ಟು ನಮ್ಮೂರು ರೋಣಕ್ಕ ಬಾ ಅಂತ ಇವತ್ತ ಹೇಳಿಬಿಡ್ತೇನಿ."

ದೀಪಾವಳಿಗೆ ಬಂದಾಗ ನೀನು ತೋರಿಸಿದ್ದು ನನಗೆ ನೆನಪಿತ್ತು. ಕಾಕೂ ಮುಂದೆ ನಾನೂ ಸಡಿಲ ಹಗ್ಗವೊಂದಕ್ಕೆ ಎರಡು ತಂಬಿಗೆ ಕಟ್ಟಿ, ಒಂದನ್ನು ತೂಗಿದೆ. ಯಾರೂ ಮುಟ್ಟದೆ ಇನ್ನೊಂದೂ ತೂಗತೊಡಗಿತು.

"ಕಣ್ಣಿಗೆ ಕಾಣದಂಥ ಪ್ರೋಟೀನಿನ ಕಣಕ್ಕ ಎರಡು ಗುರುತು ಅಂಟಿಸಿ, ಹೆಪ್ಪುಗಟ್ಟಿಸಿ, ಅಯಸ್ಕಾಂತದಾಗಿಟ್ಟು ಹಿಂಗ ಅಲುಗಿಸ್ತಾಳ್ರಿ ಕಾಕೂ. ಗುರುತು ಹತ್ತರ ಇದ್ರ ಲಗೂ ತೂಗ್ತಾವ, ದೂರ ಇದ್ರ ನಿಧಾನ. ಅದರ ಮ್ಯಾಲೆ ನಡುವಿನ ಅಂತರ ಅಳೀತಾಳ. ಅಕಿಗೇನೂ ಆಗಂಗಿಲ್ಲ."

ಕಾಕೂ ಕಣ್ಣೊರೆಸಿಕೊಂಡು ನಕ್ಕರು. "ಇಷ್ಟಕ್ಕ ಅಷ್ಟು ವರ್ಷ ಓದಬೇಕಾತೇನ? ಇರ್ಲಿ, ಮಾಡ್ಲಿ ಬಿಡು."

ನನಗೆ ಬಹಳ ಸಂತೋಷವಾಯಿತು. ದೀಪಾವಳಿಯಲ್ಲಿ ನೀನು "ಇನ್ನ ನಿನ್ನ ಸುದ್ದಿ ಹೇಳ ರೇಷ್ಮಾ" ಎಂದಾಗ ನಾನು ನಕ್ಕು ತಂಬಿಗೆ ಬಿಚ್ಚತೊಡಗಿದ್ದೆ.

ಇವತ್ತು ಬೆಳಿಗ್ಗೆ ಕಾಕೂ ನಿನಗೆಂದು ಶೇಂಗಾ ಹೋಳಿಗೆ ಮಾಡಿದರು. "ನೀನೂ ಒಂದು ಚೀಟಿ ಬರೆದು ಡಬ್ಬ್ಯಾಗ ಇಡವಾ" ಎಂದರು. ನಾನು ಇನ್ನೊಂದು ಹೋಳಿಗೆ ಇಟ್ಟು ಮುಚ್ಚಳ ಹಾಕಿದೆ. ಈ ಚೀಟಿ ಬರೆಯುತ್ತಿರುವುದು ಡಬ್ಬಿ ಹೋದ ಮೇಲೆ; ಇದು ನನ್ನ ಹತ್ತಿರವೇ ಇರುತ್ತದೆ.