ಮಾದರಿ ವಾಚನ

೩ ಫೆಬ್ರವರಿ, ಸೋಮವಾರ. ಬೆಳಿಗ್ಗೆ ೧೧-೩೦

ಮೊದಲ ಅವಧಿ ಕನ್ನಡ, ಎರಡನೆಯದು ಮಗ್ಗಿ. ಮೂರನೆಯದು ನಡೆಯಲಿಲ್ಲ. ಹುಣಸೆಹಣ್ಣಿನ ಮೂಟೆ ಬಂತೆಂದು ಜಗದಾಂಬ ಮೊಮ್ಮಕ್ಕಳಿಬ್ಬರನ್ನೂ ಹಿತ್ತಲಿಗೆ ಕರೆದೊಯ್ದಳು. ಅನುಮತಿ ಕೇಳುವ ಪದ್ಧತಿ ಈ ಮನೆಯಲ್ಲಿಲ್ಲ. ಗಂಟೆ ಬಾರಿಸಿ ಕರೆದೆ.

‘ರೀ ಹೆಡ್‌ಮೇಷ್ಟ್ರೇ, ಅದು ಪೂಜೆ ಗಂಟೆ ಕಣ್ರೀ! ದೇವ್ರಿಗೆ ಬಡೀಬೇಕಾದ್ದು, ನಮ್ಗಲ್ಲ!’ – ಹಿತ್ತಲಿನಿಂದ ನನ್ನ ಹೆಂಡತಿಯ ಉತ್ತರ. ಮಕ್ಕಳ ನಗು ಬೇರೆ.

ಇಂಚರ ನನ್ನ ಬಲಕ್ಕೆ ಕೂರುತ್ತಾಳೆ. ಪುಸ್ತಕ ಮಣೆಯ ಮೇಲೆ. ಅವಳ ತಮ್ಮ ನಿಶ್ಚಿತ್ ಎದುರಿಗೆ. ಅವನಿಗಿನ್ನೂ ಐದು, ಪಾಠವಿಲ್ಲ, ಸುಮ್ಮನಿರುವ ಅಭ್ಯಾಸ ಮಾತ್ರ. ಅದೂ ಬಂದಿಲ್ಲ. ಮಣೆಗೆ ಮೊಣಕೈ ಊರಿ ನನ್ನ ಬೆರಳಿಗೇ ಮೂಗು ತಾಗಿಸುತ್ತಾನೆ.

ಕ್ರಮ ಎಂದಿನದೇ. ಮೊದಲು ನಾನು ಮಾದರಿ ವಾಚನ ಮಾಡುವುದು – ಪ್ರತಿ ಪದದ ಕೆಳಗೆ ಬೆರಳಿಟ್ಟು, ಸ್ಪಷ್ಟ ಉಚ್ಚಾರಣೆಯಲ್ಲಿ. ಮಗು ಅನುಸರಿಸುವುದು. ಬಳಿಕ ಮಗು ಒಂಟಿಯಾಗಿ ಓದುವುದು. ಸೇವೆಯುದ್ದಕ್ಕೂ ಹೀಗೆಯೇ ಕಲಿಸಿದ್ದೇನೆ. ಮಧುಗಿರಿಯ ಯಾವ ಕಚೇರಿಗೆ ಹೋದರೂ ನನ್ನನ್ನು ಕಂಡು ಒಬ್ಬನಾದರೂ ಎದ್ದು ನಿಲ್ಲುತ್ತಾನೆ.

ಇಂದು ‘ಅಳಿಲಿನ ಮನೆ’. ಇಂಚರ ಒಂದು ಅಕ್ಷರವೂ ತಪ್ಪದೆ ಓದಿದಳು. ಅಲ್ಪಪ್ರಾಣ ಮಹಾಪ್ರಾಣ ಎರಡೂ ಶುದ್ಧ. ಕಾನ್ವೆಂಟಿನಲ್ಲಿ ಒಂದನೇ ತರಗತಿಗೆ ಹೋಗುವಾಗ ವ್ಯಾನಿನ ಹಾರ್ನ್ ಕೇಳಿದರೆ ವಾಂತಿ ಮಾಡಿಕೊಳ್ಳುತ್ತಿದ್ದ ಮಗು ಇದೇ. ದಸರಾ ರಜೆಯ ನಂತರ ಸೊಸೆ ಚೈತ್ರ ಕಳುಹಿಸಲೇ ಇಲ್ಲ. ಮನೆಯಲ್ಲೇ ಕಲಿಯಲಿ ಎಂದಳು. ಬೆಳಿಗ್ಗೆ ನನ್ನ ಪಾಠ, ಮಧ್ಯಾಹ್ನ ಅವಳದು. ಅವಳದು ಪಾಠವೋ ಆಟವೋ... ಹುಣಸೆಬೀಜ ಎಣಿಸುವುದು, ಬಣ್ಣ ಬಳಿಯುವುದು, ಕಥೆ ಹೇಳುವುದು. ಇರಲಿ.

೮ ಫೆಬ್ರವರಿ, ಶನಿವಾರ. ರಾತ್ರಿ ಊಟದ ಬಳಿಕ

ಮಗ ರೇಣುಕಪ್ರಸಾದ್ ಬಂದಿದ್ದಾನೆ. ಬಲಸಮುದ್ರದ ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸ. ವಾರವಿಡೀ ಪಾವಗಡದಲ್ಲಿ ರೂಮು. ಬಿಸಿಲಿನಲ್ಲಿ ನಿಂತು ನಿಂತು ಮಾತೂ ಬಿಸಿಯಾಗಿದೆ.

‘ಅಪ್ಪಾಜಿ, ನೀವು ಕಲಿಸ್ತೀರಿ ಅಂತ ಒಪ್ಕಂಡಿದೀನಿ. ಯುಗಾದಿಗೆ ಯಾರಾದ್ರೂ ಹೊರಗಿನವ್ರು ಬಂದು ನೋಡ್ಲಿ. ಓದಕ್ಕೆ ಬಂತಾ, ಇನ್ನೊಂದ್ ವರ್ಷ ಮನೇಲಿರ್ಲಿ. ಬರ್ಲಿಲ್ವಾ, ಜೂನ್‌ಗೆ ಮತ್ತೆ ವ್ಯಾನ್ ಹತ್ತಿಸ್ಬುಡದೆ.’

‘ಮಗು ಮುಂದೆ ಮಾತಾಡೋ ಮಾತಾ ಇದು?’ ಎಂದಳು ಚೈತ್ರ.

ಇಂಚರ ಆಗಲೇ ತಟ್ಟೆ ಬಿಟ್ಟು ಎದ್ದಿದ್ದಳು. ಬಚ್ಚಲಲ್ಲಿ ವಾಂತಿ.

ಪರೀಕ್ಷಕರಾಗಿ ಶಿವರುದ್ರಮ್ಮನವರ ಹೆಸರನ್ನು ನಾನೇ ಸೂಚಿಸಿದೆ. ನನ್ನ ಕೈಕೆಳಗೆ ಸೇವೆ ಆರಂಭಿಸಿದವರು. ಈಗ ಮುಖ್ಯ ಶಿಕ್ಷಕಿ. ನಿಷ್ಪಕ್ಷಪಾತಿ. ‘ಯಾವ ಪಾಠವನ್ನಾದರೂ ತೆಗೆದು ಓದಿಸಲಿ’ ಎಂದೆ. ಎದೆ ತಟ್ಟಿಯೇ ಹೇಳಿದೆ.

೧೪ ಫೆಬ್ರವರಿ. ಮಧ್ಯಾಹ್ನ

ಚೈತ್ರ ಕಾಫಿ ತಂದಿಟ್ಟು ಹೋಗದೆ ನಿಂತಳು. ‘ಮಾವ, ತಪ್ಪು ತಿಳ್ಕಬೇಡಿ. ಅವ್ಳು ಪುಸ್ತಕ ನೋಡಲ್ಲ. ನಿಮ್ಮ ತುಟಿ ನೋಡ್ತಾಳೆ.’

ಗುರುವಿನ ಮುಖ ನೋಡುವುದು ಏಕಾಗ್ರತೆಯ ಲಕ್ಷಣ ಎಂದೆ. ಒಳಗೆ ಹೋದಳು. ನನ್ನ ಹಾಗೆ ಟಿ.ಸಿ.ಎಚ್. ತರಬೇತಿ ಮಾಡಿಲ್ಲ, ಮಕ್ಕಳಿಗೆ ಪಾಠ ಹೇಳಿದ ಅನುಭವವಿಲ್ಲ – ಬಿ.ಕಾಂ. ಓದಿ ಈ ಮನೆಗೆ ಬಂದವಳು. ನನಗೆ ಬೋಧನಾಕ್ರಮ!

ಮಲಗಲಾಗಲಿಲ್ಲ. ಎದ್ದು ಕಪಾಟು ಒರೆಸಿದೆ. ಒರೆಸಿದ್ದನ್ನೇ ಮತ್ತೆ ಒರೆಸಿದೆ.

೨೫ ಫೆಬ್ರವರಿ, ಮಂಗಳವಾರ

ನಾಳೆ ಶಿವರಾತ್ರಿ. ಮನೆಯಲ್ಲಿ ತೊಳೆಯುವ ಗದ್ದಲ. ‘ಬನ್ರೀ, ನಿಮ್ಮ ಪಂಡಿತ್ರನ್ನ ನೋಡ್ರೀ’ ಎಂದು ಜಗದಾಂಬ ಜಗಲಿಗೆ ಕರೆದಳು. ನಿಶ್ಚಿತ್ ಅಕ್ಕನ ಪುಸ್ತಕವನ್ನು ತಲೆಕೆಳಗಾಗಿ ಹಿಡಿದು, ಬೆರಳಿಟ್ಟು, ನನ್ನದೇ ಗತ್ತಿನಲ್ಲಿ ‘ಓದು’ತ್ತಿದ್ದ.

ಪುಸ್ತಕ ನೇರ ಮಾಡಿ ಕೊಟ್ಟೆ. ಬಾಯಿ ಕಟ್ಟಿತು.

‘ಇಂಗಲ್ಲ ತಾತ. ಇಂಗಿದ್ರೆ ಅವೆಲ್ಲ ಬೇರೇವ್ ಆಗೋಗ್ತವೆ.’

ವಿದ್ಯೆಯ ವಿಷಯದಲ್ಲಿ ನಾಟಕ ಸಲ್ಲದು ಎಂದು ಹೇಳಿ ಮೊಣಕಾಲ ಮೇಲೆ ಸ್ಕೇಲಿನಿಂದ ತಟ್ಟಿದೆ. ಗಟ್ಟಿಯಾಗಿ ಅಲ್ಲ. ಆದರೂ ಅತ್ತ. ಪುಸ್ತಕ ಹಿಡಿಯುವುದನ್ನು ಮೊದಲು ಕಲಿಯಬೇಕು; ಓದು ಆಮೇಲೆ.

೯ ಮಾರ್ಚ್, ಭಾನುವಾರ. ಬೆಳಿಗ್ಗೆ ೮

ನಡೆದದ್ದನ್ನು ನಡೆದ ಹಾಗೆ ಬರೆಯಬೇಕು.

ಪತ್ರಿಕೆಯನ್ನು ನೆಲದ ಮೇಲೆ ಹರಡಿ ಓದುತ್ತಿದ್ದೆ. ನಿಶ್ಚಿತ್ ಎದುರಿಗೆ ಬೋರಲಾಗಿ ಮಲಗಿದ್ದ. ಕಾಲು ಆಡಿಸುತ್ತ, ಇದ್ದಕ್ಕಿದ್ದಂತೆ – ‘ಶಿರಾ ಮಾ-ರು-ಕಟ್ಟೆಗೆ ಕಡಲೆಕಾಯಿ... ಬಂತು. ತಾತ, ನಮ್ಗೂ ಕಡಲೆಕಾಯಿ ತತ್ತೀಯಾ?’

ಶೀರ್ಷಿಕೆ ಅದೇ. ನಾನು ಗಟ್ಟಿಯಾಗಿ ಓದಿರಲಿಲ್ಲ. ಇನ್ನೊಂದು ಸುದ್ದಿಗೆ ಬೆರಳಿಟ್ಟೆ. ತಡವರಿಸಿ ಓದಿದ. ಮತ್ತೊಂದು. ಓದಿದ. ಪತ್ರಿಕೆಯನ್ನು ಅವನ ಕಡೆಗೆ ನೇರವಾಗಿ ತಿರುಗಿಸಿದೆ. ‘ಈಗ ಬರಲ್ಲ’ ಎಂದ.

ಮಣೆಯ ಆಚೆ ಬದಿ ಕುಳಿತು ಕಲಿತಿದ್ದಾನೆ. ನನ್ನ ಬೆರಳು ನೋಡಿಕೊಂಡು, ತಲೆಕೆಳಗಾದ ಅಕ್ಷರಗಳನ್ನೇ. ನಾಟಕವೆಂದು ನಾನು ಸ್ಕೇಲು ಎತ್ತಿದ್ದು ಓದುವ ಮಗುವಿನ ಮೇಲೆ.

ಹೆಮ್ಮೆಯಾಗಬೇಕಿತ್ತು. ಇಂಚರಳನ್ನು ಕರೆದು ಅದೇ ಶೀರ್ಷಿಕೆ ತೋರಿಸಿದೆ. ಕಾಗದ ನೋಡಲಿಲ್ಲ. ನನ್ನ ತುಟಿ ನೋಡಿದಳು. ನಾನು ಬಾಯಿ ತೆರೆಯಲಿಲ್ಲ. ಕಾದಳು. ಕೊನೆಗೆ, ಬಹಳ ಮೆಲ್ಲಗೆ, ‘ಒಂದು ಊರಿನಲ್ಲಿ ಒಂದು ಅಳಿಲು ಇತ್ತು’ ಎಂದಳು.

೧೦ ಮಾರ್ಚ್. ಬೆಳಿಗ್ಗೆ ೧೧

ಇಂದು ಮಾದರಿ ವಾಚನ ಮಾಡಲಿಲ್ಲ. ಪುಟ ತೆರೆದು ಕೊಟ್ಟೆ. ಸರಾಗವಾಗಿ ಓದಿದಳು. ಮನಸ್ಸು ಹಗುರಾಯಿತು. ಆಮೇಲೆ ಪುಟದ ಚಿತ್ರವನ್ನು ಅಂಗೈಯಿಂದ ಮುಚ್ಚಿದೆ. ಯಾವ ಪಾಠವೆಂದೇ ಅವಳಿಗೆ ತಿಳಿಯಲಿಲ್ಲ. ಇಡೀ ಪುಸ್ತಕ ಬಾಯಿಪಾಠ. ಚಿತ್ರ ನೋಡಿ ಪಾಠ ಗುರುತಿಸುತ್ತಾಳೆ. ಅಷ್ಟೆ. ನಾನು ಓದಿ ತೋರಿಸಿದ್ದನ್ನು ಅವಳು ಒಪ್ಪಿಸುತ್ತಿದ್ದಳು. ನಾನು ಅದನ್ನೇ ಓದು ಎಂದು ಕರೆದೆ.

ಶಿವರುದ್ರಮ್ಮ ಓದಿಸುವುದೂ ಇದೇ ಪುಸ್ತಕದಿಂದ. ಯಾವ ಪಾಠ ತೆಗೆದರೂ ಗೆಲ್ಲುತ್ತಾಳೆ. ಮನೆಯಲ್ಲೇ ಉಳಿಯುತ್ತಾಳೆ. ವರ್ಷವಿಡೀ ಸಮಯ ಸಿಗುತ್ತದೆ, ಸರಿಪಡಿಸಬಹುದು. ಯಾರಿಗೂ ತಿಳಿಯಬೇಕಾಗಿಲ್ಲ.

೨೮ ಮಾರ್ಚ್

ಯಾರಿಗೂ ಹೇಳಿಲ್ಲ. ಬರೆಯಲೂ ಇಲ್ಲ. ಬಂಡೆ ಕಾದು ಊರಿಡೀ ಒಲೆಯಾಗಿದೆ. ಬೆಟ್ಟದ ಬುಡದವರೆಗೆ ನಡೆದು ಹೋಗುತ್ತೇನೆ, ಯಾಕೆ ಬಂದೆನೆಂದು ತಿಳಿಯದೆ ಹಿಂತಿರುಗುತ್ತೇನೆ. ಜಗದಾಂಬ – ‘ಕೂತ್ಕಳ್ರೀ ಒಂದ್ ಕಡೆ. ಕರು ಹಾಕೋ ಹಸು ಇದ್ದಂಗೆ ಇದೀರ.’

೩೧ ಮಾರ್ಚ್, ಸೋಮವಾರ. ಸಂಜೆ ೭

ನಿನ್ನೆ ಯುಗಾದಿ. ಇಂದು ಶಿವರುದ್ರಮ್ಮ ಬಂದರು. ಒಬ್ಬಟ್ಟು ತಿಂದರು. ಪುಸ್ತಕ ತೆಗೆದು ನಡುವಿನ ಒಂದು ಪಾಠ ಓದಿಸಿದರು. ಇಂಚರ ಎದೆ ಸೆಟೆಸಿ ನಿಂತು ಓದಿದಳು. ಕಂಠ ಎಷ್ಟು ಚೆನ್ನ! ಮಗನ ಮುಖ ಅರಳಿತು.

ಪುಟ ಮುಗಿಯಿತು. ಇಂಚರ ನಿಲ್ಲಲಿಲ್ಲ. ಹಾಳೆ ತಿರುಗಿಸದೆಯೇ ಮುಂದಿನ ಪುಟವನ್ನೂ ಹೇಳಿ ಮುಗಿಸಿದಳು.

ಶಿವರುದ್ರಮ್ಮ ನನ್ನ ಮುಖ ನೋಡಿದರು. ಕಣ್ಣು ತಗ್ಗಿಸಿದರು. ‘ಬಾಳ ಚೆನ್ನಾಗ್ ಓದ್ತಾಳೆ. ಸರ್ ಹತ್ರ ಕಲಿತ ಮಗು, ಕೇಳ್ಬೇಕಾ?’ ಎಂದರು.

ಅಲ್ಲಿಗೆ ಮುಗಿಯಬಹುದಿತ್ತು. ಆ ಗೌರವ ನನಗೆ ಸಹಿಸಲಾಗಲಿಲ್ಲ.

‘ಶಿವರುದ್ರಮ್ಮ, ಹಾಳೆ ತಿರುಗಿಸಲಿಲ್ಲ. ನೀವು ಗಮನಿಸಿದಿರಿ.’

‘ಸರ್, ಇರ್ಲಿ ಬಿಡಿ...’

‘ಇವಳಿಗೆ ಓದಲು ಬರುವುದಿಲ್ಲ. ದೋಷ ಮಗುವಿನದಲ್ಲ. ನನ್ನ ಕ್ರಮದ್ದು.’

ಮಗ ಎದ್ದು ಹೊರಗೆ ಹೋದ. ಮತ್ತೆ ಒಳಬಂದು, ‘ಇಷ್ಟ್ ದಿನ ಏನ್ ಮಾಡ್ತಿದ್ರಿ ಅಪ್ಪಾಜಿ ಎಲ್ರೂ? ಜೂನ್‌ಗೆ ವ್ಯಾನು. ಮುಗೀತು’ ಎಂದ. ಚೈತ್ರ ಅಷ್ಟೇ ಗಟ್ಟಿಯಾಗಿ, ‘ಜೂನ್ ಇನ್ನೂ ಬಂದಿಲ್ಲ. ಅಲ್ಲೀವರ್ಗೂ ನನ್ಗೆ ಬುಡಿ. ಓದುದ್ಲು ಅಂದ್ರೆ ಕಳ್ಸಲ್ಲ, ಮಾತು ಕೊಡಿ’ ಎಂದಳು. ಕೊಟ್ಟ. ಮನಸ್ಸಿಲ್ಲದೆ ಕೊಟ್ಟ.

ಇಂಚರ ಹುಣಸೆಮೂಟೆಗಳ ಹಿಂದೆ ಅಡಗಿದ್ದಳು. ಜಗದಾಂಬ ಎಳೆದು ತಂದಳು. ನನ್ನನ್ನು ನೋಡದೆ ಅಜ್ಜಿಯ ಸೆರಗಿಗೆ ಹೇಳಿದಳು – ‘ತಾತ ನನ್ಮೇಲೆ ಚಾಡಿ ಹೇಳ್ಬುಟ್ಟ.’

೬ ಏಪ್ರಿಲ್

ನಾನು ಪಡಸಾಲೆಗೆ ಬಂದರೆ ಇಂಚರ ಅಡುಗೆಮನೆಗೆ. ನಾನು ಅಡುಗೆಮನೆಗೆ ಹೋದರೆ ಹಿತ್ತಲಿಗೆ.

ಚೈತ್ರ ಬಂದು ಕೇಳಿದಳು. ‘ಮಾವ, ದಿನಾ ನಾಕು ಚೀಟಿ ಬರ್ಕೊಡಿ. ಅಕ್ಷರ ನಿಮ್ದೇ ದುಂಡಗೆ. ಬೆಲ್ಲ ಎಲ್ಲೈತೆ, ಬಳಪ ಎಲ್ಲೈತೆ, ಅಂಗೆ. ಚೀಟಿ ಓದುದ್ರೆ ಸಿಗ್ಬೇಕು. ಒಂದಿನದ್ದು ಇನ್ನೊಂದಿನ ಇರ್ಬಾರ್ದು.’ ಸ್ವಲ್ಪ ತಡೆದು – ‘ಆದ್ರೆ ನೀವು ಓದಿ ಹೇಳ್ಬೇಡಿ.’

ಶಾಲೆಯೇ ಬಾಗಿ ಕೇಳುತ್ತಿದ್ದ ಧ್ವನಿ ಇದು. ಒಪ್ಪಿಕೊಂಡೆ.

೨೦ ಏಪ್ರಿಲ್, ಭಾನುವಾರ

‘ಬೆಲ್ಲ ರಾಗಿ ಡಬ್ಬದ ಹಿಂದೆ.’ ನಿಶ್ಚಿತ್ ಚೀಟಿಯನ್ನು ತಲೆಕೆಳಗೆ ಮಾಡಿ, ಓದಿ, ಓಡಿ, ತಿಂದು ಮುಗಿಸಿದ. ಇಂಚರ ಚೀಟಿ ಹರಿದು ಎಸೆದಳು. ಇನ್ನು ಇಬ್ಬರಿಗೂ ಬೇರೆ ಬೇರೆ ಚೀಟಿ. ನಿಶ್ಚಿತ್‌ನ ಬಳಿ ಮೊದಲ ಬಾರಿ ಕ್ಷಮೆ ಕೇಳಿದೆ, ಸ್ಕೇಲಿನ ವಿಷಯಕ್ಕೆ. ಅವನಿಗೆ ನೆನಪೇ ಇರಲಿಲ್ಲ. ‘ಬೆಲ್ಲ ಕೊಡು, ಸರಿ ಓಯ್ತದೆ’ ಎಂದ.

೧೧ ಮೇ

ಇಂಚರ ಚೀಟಿ ಹಿಡಿದು ಬಾಗಿಲ ಬಳಿ ಬಹಳ ಹೊತ್ತು ನಿಂತಿದ್ದಳು. ‘ಮಂ’ ಎಂದಳು. ‘ಮಂ...’ ಪದ ನನ್ನ ನಾಲಿಗೆಯ ತುದಿಯಲ್ಲಿತ್ತು. ತುಟಿ ಕಚ್ಚಿ ಹಿಡಿದೆ. ಒಂದು ಪದ ನುಂಗುವುದು ಇಷ್ಟು ಕಷ್ಟವೆಂದು ತಿಳಿದಿರಲಿಲ್ಲ. ಅವಳು ಮಂಚದ ಕೆಳಗೂ ಮಂಕರಿ ಬುಟ್ಟಿಯೊಳಗೂ ಹುಡುಕಿದಳು. ಓದಿದಳೋ, ಊಹಿಸಿದಳೋ? ಸಿಕ್ಕಿತು, ಮಂಕರಿಯಲ್ಲಿ. ಆದರೆ ಇದು ಓದಲ್ಲ. ಸಾಕ್ಷ್ಯವಾಗದು.

೧ ಜೂನ್, ಭಾನುವಾರ. ಸಂಜೆ

ನಾಳೆ ಕಾನ್ವೆಂಟ್ ಶುರು. ವ್ಯಾನಿನವನಿಗೆ ಮಗ ಫೋನ್ ಮಾಡಿದ. ಸಮವಸ್ತ್ರವನ್ನು ಚೈತ್ರ ಮುಟ್ಟಲಿಲ್ಲ. ಅವನೇ ಒಳಗೆ ಇಸ್ತ್ರಿ ಮಾಡುತ್ತಿದ್ದಾನೆ, ಪೆಟ್ಟಿಗೆಯನ್ನು ಕುಕ್ಕಿ ಕುಕ್ಕಿ ಇಡುತ್ತ. ನಿನ್ನೆ ಅವನೆದುರು ಚೀಟಿ ಕೊಟ್ಟರೆ ಇಂಚರ ಬಾಯೇ ಬಿಡಲಿಲ್ಲ. ‘ಇದೇನಾ ಓದು?’ ಎಂದ. ಇಂದು ಮಧ್ಯಾಹ್ನದಿಂದ ಅವಳು ಏನೂ ತಿಂದಿಲ್ಲ. ನಾನು ಬೀದಿ ಬಾಗಿಲಿಗೆ ಹೋಗುತ್ತೇನೆ, ಬರುತ್ತೇನೆ. ಕೂರಲು ಆಗದು, ನಿಲ್ಲಲು ಆಗದು. ಅದಕ್ಕೇ ಬರೆಯುತ್ತಿದ್ದೇನೆ.

ಇರುವುದನ್ನು ಇರುವ ಹಾಗೆ ಬರೆಯಬೇಕು. ಇಂಚರಳಿಗೆ ಇನ್ನೂ ಓದಲು

ಹಿಂದೆ ಬಂದು ನಿಂತಿದ್ದಾಳೆ. ಯಾವಾಗ ಬಂದಳೋ. ಕಿವಿಯ ಬಳಿ ಉಸಿರು. ‘ಇಂ-ಚ-ರ-ಳಿ-ಗೆ. ಇದು ನಾನು. ಇ-ನ್ನೂ... ಓ-ದ-ಲು.’

ತಿರುಗಲಿಲ್ಲ. ಅವಳಿಗೆ ನನ್ನ ತುಟಿ ಕಾಣುವುದಿಲ್ಲ, ಭುಜ ಮಾತ್ರ. ಬರೆಯುವುದನ್ನು ನಿಲ್ಲಿಸಲೂ ಭಯ. ಬರೆದ ಹಾಗೆ ಓದುತ್ತಿದ್ದಾಳೆ – ‘ಭು-ಜ. ಭುಜ! ಮಾ-ತ್ರ.’ ಇದನ್ನು ಯಾರೂ ಅವಳಿಗೆ ಓದಿ ತೋರಿಸಿಲ್ಲ. ಈಗ ತಾನೇ ಬರೆದದ್ದು, ಶಾಯಿ ಒಣಗಿಲ್ಲ.

ಒಳಗೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿದೆ.

‘ಮೇಲ್ಗಡೆ ಯಾಕೆ ಅರ್ಧಕ್ಕೆ ನಿಲ್ಸ್‌ಬುಟ್ಟೆ ತಾತ? ಓದಲು ಆದ್ಮೇಲೆ ಏನು? ಬರಿ.’

ಬರೆಯುತ್ತೇನೆ. ಇಂಚರಳಿಗೆ ಓದಲು