ಎರಡನೇ ಏಟು

ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ನೀನೂ ಮಗುವೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಉತ್ತರ ಬರೆಯಲು ತಡವಾಯಿತು, ಬೈದುಕೋ. ಕೆಲಸ ಜಾಸ್ತಿ ಇತ್ತು ಎನ್ನಬಹುದು, ಆದರೆ ನಿನಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ನನ್ನ ಕೈಲಾಗುವುದಿಲ್ಲ. ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಪಾತ್ರೆ ತೊಳೆದೆ. ಈಗ ಮನೆಯಲ್ಲಿ ತೊಳೆಯದ ಲೋಟ ಒಂದೂ ಇಲ್ಲ.

ಪುಟ್ಟಿ ಹಳದಿ ಕಾಲುಚೀಲವನ್ನು ಒಂದೇ ಕಾಲಿಗೆ ಹಾಕಿಕೊಂಡು ಮನೆಯೆಲ್ಲ ಓಡಾಡುತ್ತಾಳೆ, ಇನ್ನೊಂದು ಎಲ್ಲಿ ಹೋಯಿತೋ ಸಿಗಲಿಲ್ಲ, ಹೆಬ್ಬೆರಳು ಹೊರಗೆ ಬಂದರೂ ಹೊಸ ಜೊತೆ ಮುಟ್ಟುವುದಿಲ್ಲ ಎಂದು ಬರೆದಿದ್ದೆ. ಓದಿ ನಕ್ಕೆ. ಹಠದಲ್ಲಿ ಅಪ್ಪನ ಪಡಿಯಚ್ಚು.

ನೀನು ಕೇಳಿದ ವಿಷಯಕ್ಕೆ ಬರುತ್ತೇನೆ. ನನ್ನ ತಮ್ಮ ಸ್ಕೂಟರಿನಿಂದ ಬಿದ್ದು, ತಾನೇ ಎದ್ದು ಮನೆಗೆ ಬಂದು, "ತಲೆಗೇನೂ ಆಗಿಲ್ಲ ಕಣೇ, ಹೆಲ್ಮೆಟ್ ನೋಡು, ಒಂದು ಗೀರೂ ಇಲ್ಲ" ಎಂದು ಮಲಗಿದವನು ಏಳಲಿಲ್ಲ. ಆ ಹೆಲ್ಮೆಟ್ ಅವನ ಹುಟ್ಟುಹಬ್ಬಕ್ಕೆ ನೀನು ಆರಿಸಿ ಕೊಟ್ಟದ್ದು. ಅದನ್ನು ಅವನ ಹಳೇ ಶರಟಿನಲ್ಲಿ ಸುತ್ತಿ ಕಳಿಸಿ, "ಅತ್ತಿಗೆ, ನಿಮ್ಮದು ಇದೇ ಕೆಲಸ ಅಲ್ವಾ, ನಾನು ಕೊಟ್ಟ ಹೆಲ್ಮೆಟ್ಟೇ ಅವರನ್ನ ಕೊಂದಿತಾ, ನೋಡಿ ಹೇಳಿಬಿಡಿ" ಎಂದು ಬರೆದಿದ್ದೆ. 

ನಮ್ಮ ಕೆಲಸ ಏನೆಂದು ನಿನಗೆ ಸರಿಯಾಗಿ ಎಂದೂ ಹೇಳಿಲ್ಲ. ಏಟು ಬೀಳುವ ಕ್ಷಣದಲ್ಲಿ ವಸ್ತುವಿನ ಒಳಗೆ ಏನಾಗುತ್ತದೆಂದು ಎಕ್ಸ್‌ರೇಯಲ್ಲಿ ಹಿಡಿಯುತ್ತೇವೆ. ಹೆಲ್ಮೆಟ್ಟಿನ ಒಳಗೆ ಬಿಳಿ ಥರ್ಮಾಕೋಲಿನ ಪದರ ಇರುತ್ತದಲ್ಲ, ಅದನ್ನು ಸೀಳಿ ಸೀಸದ ಸಣ್ಣ ಕಾಳುಗಳನ್ನು ಉದುರಿಸಿ ಮತ್ತೆ ಅಂಟಿಸುತ್ತೇವೆ. ಏಟಿಗೆ ಮೊದಲು ಒಂದು ಚಿತ್ರ, ಏಟು ಬೀಳುತ್ತಿರುವಾಗ ಒಂದು ಚಿತ್ರ. ಕಾಳುಗಳು ಎಲ್ಲಿಂದ ಎಲ್ಲಿಗೆ ಸರಿದವೆಂದು ನೋಡಿದರೆ ಒಳಗೆ ಎಷ್ಟು ನಜ್ಜಾಯಿತೆಂದು ತಿಳಿಯುತ್ತದೆ. ಹೊರಗಿನ ಚಿಪ್ಪು ಬಾಗಿ, ಮತ್ತೆ ಏನೂ ಆಗದವರ ಹಾಗೆ ನೆಟ್ಟಗಾಗಿರುತ್ತದೆ.

ಅದೇ ಮಾದರಿಯ ಹೊಸ ಹೆಲ್ಮೆಟ್ ತರಿಸಿ, ಬೊಂಬೆಯ ತಲೆಗೆ ತೊಡಿಸಿ, ಸೀಸದ ಬಾಗಿಲು ಮುಚ್ಚಿ ಸುತ್ತಿಗೆ ಬೀಳಿಸಿದೆವು. ಕಾಳುಗಳು ಒತ್ತೊತ್ತಾಗಿ ಬಂದವು, ಬೊಂಬೆಯ ತಲೆ ಮೆಲ್ಲಗೆ ತೂಗಿತು, ಅಷ್ಟೇ. ಏಟನ್ನೆಲ್ಲ ಪದರವೇ ನುಂಗಿಕೊಂಡಿತ್ತು. ನೀನು ಒಳ್ಳೆಯದನ್ನೇ ಆರಿಸಿದ್ದೆ.

ಆದರೆ ಅವನ ಹೆಲ್ಮೆಟ್ಟಿನ ಚಿತ್ರ ಇದಕ್ಕೆ ಹೊಂದಲಿಲ್ಲ. ಬಲಕಿವಿಯ ಮೇಲೆ ಪದರ ತೀರಾ ತೆಳ್ಳಗಾಗಿತ್ತು. ಮನೆ ಹತ್ತಿರದ ಅಂಗಡಿಯ ತಿರುವಿನಲ್ಲಿ ನಿಧಾನವಾಗಿ ಬರುತ್ತಾ ಬಿದ್ದವನಿಗೆ ಅಷ್ಟು ಪೆಟ್ಟು ಎಲ್ಲಿಂದ ಬರಬೇಕು? ತಲೆ ಕೆಟ್ಟುಹೋಯಿತು.

ಮರುದಿನ ಇನ್ನೊಂದು ಹೊಸದಕ್ಕೆ ಏಟು ಕೊಡಬೇಕಿತ್ತು. ಯಂತ್ರ ನಡೆಸುವವರನ್ನು ನಾವು ಸುತ್ತಿಗೆ ಚಿಕ್ಕಪ್ಪ ಎನ್ನುತ್ತೇವೆ. ಅವರು ಬದಲಿಸಲು ಮರೆತು ಹಿಂದಿನ ದಿನದ್ದಕ್ಕೇ ಬೀಳಿಸಿಬಿಟ್ಟರು. ಅದೂ ಹೊಸದರಂತೆಯೇ ಹೊಳೆಯುತ್ತಿತ್ತು, ಪಾಪ, ಯಾರಿಗೆ ಗೊತ್ತಾಗಬೇಕು? ಚಿತ್ರದಲ್ಲಿ ಕಾಳುಗಳು ಚೂರು ಸರಿದು ನಿಂತುಬಿಟ್ಟವು, ಇನ್ನು ಸರಿಯಲು ಜಾಗವೇ ಇರಲಿಲ್ಲ. ಬೊಂಬೆಯ ತಲೆ ಪಕ್ಕಕ್ಕೆ ಎಗರಿತು. ಚಿಕ್ಕಪ್ಪ ಹಣೆ ಚಚ್ಚಿಕೊಂಡು ಹೊಸದಾಗಿ ಶುರುಮಾಡೋಣ ಎನ್ನುತ್ತಿದ್ದರು. ನಾನು ಆ ಹೆಲ್ಮೆಟ್ಟನ್ನು ತಮ್ಮನದರ ಪಕ್ಕದಲ್ಲಿಟ್ಟು ಚಿತ್ರ ತೆಗೆದೆ. ಎರಡರ ಪದರವೂ ಒಂದೇ ಥರ ನಜ್ಜಾಗಿತ್ತು.

ಅವನು ಅದಕ್ಕೂ ಮೊದಲೇ ಒಮ್ಮೆ ಬಿದ್ದಿದ್ದ, ಗುಬ್ಬಿ. ನೆನಪಿದೆಯಾ, ಚಳಿಗಾಲದಲ್ಲಿ ಭುಜ ಉಳುಕಿಸಿಕೊಂಡು ಬಂದು ಆಫೀಸಿನ ಮೆಟ್ಟಿಲಲ್ಲಿ ಜಾರಿದೆ ಎಂದಿದ್ದ? ನಿಮ್ಮ ಆಫೀಸಿಗೆ ಮೆಟ್ಟಿಲೇ ಇಲ್ಲವಲ್ಲ ಎಂದು ನೀನು ರೇಗಿಸಿದ್ದೆ. ಆವತ್ತು ನಿನ್ನ ಹೆಲ್ಮೆಟ್ ಅವನನ್ನು ಉಳಿಸಿತ್ತು. ಅದರ ಕೆಲಸ ಒಂದೇ ಸಲದ್ದು, ಅದನ್ನು ಮಾಡಿ ಮುಗಿಸಿತ್ತು. ಪುಟ್ಟಿ ಮೊದಲ ಹೆಜ್ಜೆ ಇಟ್ಟದ್ದು ಅದಾದ ಮೇಲೆ. ಅವನು ಅದನ್ನು ನೋಡಿದ್ದು ನೀನು ಆರಿಸಿದ ಹೆಲ್ಮೆಟ್ಟಿನಿಂದ. ನಿನ್ನನ್ನು ನೀನು ಶಪಿಸಿಕೊಳ್ಳುವುದನ್ನು ಇಲ್ಲಿಗೆ ಬಿಡು, ನನ್ನಾಣೆ.

ಇಬ್ಬರಿಗೂ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ ಸಿಗಲಿ. ಪುಟ್ಟಿಯ ಕೆನ್ನೆಗೆ ಅತ್ತೆಯದೊಂದು ಮುತ್ತು.

ನಿನ್ನ
ಅತ್ತಿಗೆ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಎಕ್ಸ್‌ರೇಗೆ ಮುಂಚೆ ಒಳಗಿನ ಬಟ್ಟೆ ಬಿಚ್ಚಿದಾಗ, ಬಲಕಿವಿಯ ಮೇಲಿನ ಆ ಜಾಗದಲ್ಲಿ ಅವನು ಪುಟ್ಟಿಯ ಹಳದಿ ಕಾಲುಚೀಲವನ್ನು ಮಡಚಿ ತುರುಕಿದ್ದ. ಅಲ್ಲಿ ಸಡಿಲವಾಗಿದೆಯೆಂದು ಅವನಿಗೆ ಗೊತ್ತಿತ್ತು. ಒಮ್ಮೆ ಏಟು ತಿಂದ ಹೆಲ್ಮೆಟ್ಟನ್ನು ಬಿಸಾಕಬೇಕು ಎಂದು ನಾನು ಊಟಕ್ಕೆ ಕೂತಾಗಲೆಲ್ಲ ಅವನ ತಲೆ ತಿನ್ನುತ್ತಿದ್ದೆ. ಹೇಳಿದರೆ ಅಕ್ಕ ಬಿಸಾಕಿಸುತ್ತಾಳೆ ಎಂದೇ ನನಗೆ ಹೇಳಲಿಲ್ಲ. ನೀನು ಕೊಟ್ಟದ್ದನ್ನು ಬಿಡಲು ಅವನಿಗೆ ಮನಸ್ಸಾಗಲಿಲ್ಲ. ಎದುರಿಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಕಾಲುಚೀಲ ಇದರ ಜೊತೆಗಿದೆ. ನಾನು ಒಗೆದಿಲ್ಲ, ಅವನ ತಲೆಯ ವಾಸನೆ ಇನ್ನೂ ಇದೆ. ಪುಟ್ಟಿಗೆ ಹಾಕುವಾಗ ಬೇಕಾದರೆ ನೀನು ಒಗೆ.